ನಿಂತ ಕಾರಿನ ಇಂಜಿನ್ ಕುದಿಯುವುದೇಕೆ? ಉತ್ತರ ಕಂಡುಕೊಂಡ ತಬ್ಬಲಿ ಹುಡುಗ ವಿಲ್ಹೆಲ್ಮ್ ಮೇಬ್ಯಾಕ್‌ ಕಥೆ

ಅಮಾವಾಸ್ಯೆಯ ದಿನ ಕಾರಿನಲ್ಲಿ ಆದಿಚುಂಚನಗಿರಿಗೆ ಹೋದವರಿಗೆ ಇದು ಹೊಸದಲ್ಲ. ಬೆಳ್ಳೂರು ಕ್ರಾಸ್‌ವರೆಗೆ ಹೆದ್ದಾರಿಯಲ್ಲಿ ಕಾರು ಆರಾಮವಾಗಿ ಓಡಿ ಬರುತ್ತದೆ. ಬೆಟ್ಟ ಹತ್ತಿರವಾಗುತ್ತಿದ್ದಂತೆ ವಾಹನಗಳ ಸಾಲು ಶುರು. ಕಾರು ನಿಂತಲ್ಲೇ ನಿಂತಿರುತ್ತದೆ, ಒಳಗೆ ಎಸಿ ಓಡುತ್ತಿರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಡ್ಯಾಶ್‌ಬೋರ್ಡ್‌ನ ಟೆಂಪರೇಚರ್ ಮುಳ್ಳು ಕೆಂಪು ಗೆರೆಯತ್ತ ಏರತೊಡಗುತ್ತದೆ. ಸಾಲು ಸರಿದು ಕಾರು ಮತ್ತೆ ಓಡಿದರೆ ಮುಳ್ಳು ತಾನಾಗಿಯೇ ಕೆಳಗಿಳಿಯುತ್ತದೆ. ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ಹೋದವರಿಗೂ, ದಸರಾ ರಜೆಯಲ್ಲಿ ಶ್ರೀರಂಗಪಟ್ಟಣ ದಾಟಿದವರಿಗೂ ಇದೇ ಅನುಭವ ಆಗಿರಬಹುದು.

ಇಂಥ ಹೊತ್ತಿನಲ್ಲಿ ಸಲಹೆಗಳಿಗೇನೂ ಬರವಿಲ್ಲ. ಬಾನೆಟ್ ಎತ್ತಿ ರೇಡಿಯೇಟರ್ ಮುಚ್ಚಳ ತೆಗೆದು ನೀರು ಹಾಕಿ ಎನ್ನುವವರಿದ್ದಾರೆ. ಇಂಜಿನ್ ಮೇಲೆಯೇ ತಣ್ಣೀರು ಸುರಿಯಿರಿ ಎನ್ನುವವರಿದ್ದಾರೆ. ಥರ್ಮೋಸ್ಟಾಟ್ ಕಿತ್ತು ಬಿಸಾಕಿದರೆ ಸಮಸ್ಯೆ ಶಾಶ್ವತವಾಗಿ ಹೋಗುತ್ತದೆ ಎಂಬ ಮೆಸೇಜ್ ಕೂಡ ಗ್ರೂಪ್‌ನಿಂದ ಗ್ರೂಪ್‌ಗೆ ಹರಿದಾಡುತ್ತದೆ. ಇವುಗಳಲ್ಲಿ ಕೆಲವು ಮುಖ ಸುಡುವಷ್ಟು ಅಪಾಯಕಾರಿ.

ಸಲಹೆಗಳನ್ನು ಪರೀಕ್ಷಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ. ಓಡುವಾಗ ಇಂಜಿನ್ ಹೆಚ್ಚು ದುಡಿಯುತ್ತದೆ, ನಿಂತಾಗ ಕಡಿಮೆ. ಹಾಗಿದ್ದ ಮೇಲೆ ಓಡುವಾಗ ಸರಿಯಾಗಿದ್ದದ್ದು ನಿಂತಾಗ ಕುದಿಯುವುದೇಕೆ? ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಇದಕ್ಕೆ ಪರಿಹಾರ ಕೊಟ್ಟವರು ಜರ್ಮನಿಯ ವಿಲ್ಹೆಲ್ಮ್ ಮೇಬ್ಯಾಕ್. ಇವತ್ತು ಕೋಟ್ಯಧಿಪತಿಗಳ ಕಾರಿನ ಮೇಲೆ ಕಾಣುವ ಹೆಸರು ಅದು. ಆದರೆ ಆ ಹೆಸರಿನ ಮನುಷ್ಯ ಬೆಳೆದದ್ದು ಅನಾಥರಿಗೆ ಆಸರೆ ಕೊಡುವ ಒಂದು ಸಂಸ್ಥೆಯಲ್ಲಿ.

ಹತ್ತು ವರ್ಷಕ್ಕೆ ತಂದೆ ತಾಯಿ ಇಬ್ಬರೂ ಇಲ್ಲ

ಮೇಬ್ಯಾಕ್ ಹುಟ್ಟಿದ್ದು 1846ರ ಫೆಬ್ರವರಿ 9ರಂದು, ಜರ್ಮನಿಯ ಹೈಲ್ಬ್ರಾನ್ ಪಟ್ಟಣದಲ್ಲಿ. ತಂದೆ ಮರಗೆಲಸದವರು. ಮನೆಯಲ್ಲಿ ಐವರು ಗಂಡುಮಕ್ಕಳು. ವಿಲ್ಹೆಲ್ಮ್‌ಗೆ ಹತ್ತು ವರ್ಷ ಆಗುವಷ್ಟರಲ್ಲಿ ತಾಯಿಯೂ ತಂದೆಯೂ ತೀರಿಕೊಂಡರು. ಮಕ್ಕಳನ್ನು ಯಾರಾದರೂ ನೋಡಿಕೊಳ್ಳಿ ಎಂದು ಬಂಧುಗಳು ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕಾಯಿತು.

ಅದನ್ನು ಕಂಡು ಹುಡುಗನನ್ನು ಕರೆದುಕೊಂಡವರು ಗುಸ್ತಾವ್ ವೆರ್ನರ್ ಎಂಬ ಪಾದ್ರಿ. ರಾಯ್ಟ್ಲಿಂಗನ್ ಪಟ್ಟಣದಲ್ಲಿ ಅವರು ನಡೆಸುತ್ತಿದ್ದ ಆಶ್ರಯ ಸಂಸ್ಥೆಗೆ ಬ್ರೂಡರ್‌ಹೌಸ್ ಎಂದು ಹೆಸರು. ಆದಿಚುಂಚನಗಿರಿಯಂಥ ನಮ್ಮ ಮಠಗಳು ಬಡಮಕ್ಕಳಿಗೆ ಊಟ, ವಸತಿ ಕೊಟ್ಟು ಓದಿಸುವುದನ್ನು ಕಂಡವರಿಗೆ ಆ ವ್ಯವಸ್ಥೆ ಸುಲಭವಾಗಿ ಅರ್ಥವಾಗುತ್ತದೆ. ಅಲ್ಲಿ ಓದಿನ ಜೊತೆ ಕಸುಬೂ ಇತ್ತು. ಸಂಸ್ಥೆಗೆ ತನ್ನದೇ ಯಂತ್ರಗಳ ಕಾರ್ಯಾಗಾರವಿತ್ತು. ಹುಡುಗನನ್ನು ಮೊದಲು ಬ್ರೆಡ್ ಸುಡುವ ಕೆಲಸಕ್ಕೆ ಹಚ್ಚಿದರು. ಅವನ ಕೈ ಚಿತ್ರ ಬರೆಯುವುದರಲ್ಲಿ ಚುರುಕಾಗಿದೆ ಎಂದು ಗೊತ್ತಾದ ಮೇಲೆ ಯಂತ್ರಗಳ ನಕ್ಷೆ ಬಿಡಿಸುವ ತರಬೇತಿಗೆ ಸೇರಿಸಿದರು. ಆಗ ಅವನಿಗೆ ಸುಮಾರು ಹದಿನೈದು ವರ್ಷ.

ಅದೇ ಕಾರ್ಯಾಗಾರಕ್ಕೆ ಮುಖ್ಯಸ್ಥರಾಗಿ ಬಂದವರು ಗಾಟ್ಲೀಬ್ ಡೈಮ್ಲರ್. ವಯಸ್ಸಿನಲ್ಲಿ ಹನ್ನೆರಡು ವರ್ಷ ದೊಡ್ಡವರು. ಈ ಹುಡುಗನ ಕೈಚಳಕ ಅವರ ಕಣ್ಣಿಗೆ ಬಿತ್ತು. ಮುಂದೆ ಡೈಮ್ಲರ್ ಕಾರ್ಲ್ಸ್‌ರೂಹೆಯ ಕಾರ್ಖಾನೆಗೆ ಹೋದಾಗ ಮೇಬ್ಯಾಕ್ ಅವರನ್ನೂ ಕರೆಸಿಕೊಂಡರು. 1872ರಲ್ಲಿ ಕೊಲೋನ್ ಬಳಿಯ ಡಾಯ್ಟ್ಸ್ ಇಂಜಿನ್ ಕಾರ್ಖಾನೆಗೆ ಹೋದಾಗಲೂ ಕರೆಸಿಕೊಂಡರು. ನಿಕೊಲಸ್ ಆಟೊ ಅವರ ನಾಲ್ಕು ಹೊಡೆತದ ಇಂಜಿನ್ 1876ರಲ್ಲಿ ರೂಪುಗೊಂಡದ್ದು ಅಲ್ಲಿಯೇ. ಅದನ್ನು ಮಾರುಕಟ್ಟೆಗೆ ಒಗ್ಗುವಂತೆ ತಿದ್ದಿದ ಮುಖ್ಯ ವಿನ್ಯಾಸಕ ಮೇಬ್ಯಾಕ್.

ತೋಟದ ಗಾಜಿನ ಮನೆಯಲ್ಲಿ ಹುಟ್ಟಿದ ಇಂಜಿನ್

1882ರಲ್ಲಿ ಇಬ್ಬರೂ ಆ ಕೆಲಸ ಬಿಟ್ಟು ಸ್ಟುಟ್‌ಗಾರ್ಟ್ ಪಕ್ಕದ ಕಾನ್‌ಸ್ಟಾಟ್‌ಗೆ ಬಂದರು. ಡೈಮ್ಲರ್ ಮನೆಯ ತೋಟದಲ್ಲಿ ಗಿಡಗಳಿಗೆಂದು ಕಟ್ಟಿಸಿದ್ದ ಗಾಜಿನ ಮನೆಯೇ ಅವರ ಕಾರ್ಯಾಗಾರವಾಯಿತು. ಕೆಲಸ ಗುಟ್ಟಾಗಿ ನಡೆಯುತ್ತಿತ್ತು. ಹಗಲೂ ರಾತ್ರಿ ಕೇಳುತ್ತಿದ್ದ ಸದ್ದಿಗೆ ಹೆದರಿದ ತೋಟದ ಮಾಲಿ, ಒಳಗೆ ಖೋಟಾ ನಾಣ್ಯ ಅಚ್ಚು ಹಾಕುತ್ತಿದ್ದಾರೆಂದು ಪೊಲೀಸರಿಗೆ ದೂರು ಕೊಟ್ಟನೆಂದೂ, ಒಳಗೆ ನುಗ್ಗಿದ ಪೊಲೀಸರಿಗೆ ಬರೀ ಇಂಜಿನ್ ಮತ್ತು ಸಲಕರಣೆ ಸಿಕ್ಕಿತೆಂದೂ ಒಂದು ಕಥೆ ಪ್ರಚಲಿತದಲ್ಲಿದೆ.

ಅಲ್ಲಿ ಹುಟ್ಟಿದ್ದು ಗಾಡಿಯ ಮೇಲೆ ಕೂರಿಸಬಹುದಾದ ಸಣ್ಣ, ವೇಗದ ಪೆಟ್ರೋಲ್ ಇಂಜಿನ್. 1885ರಲ್ಲಿ ಅದನ್ನು ಮರದ ಚೌಕಟ್ಟಿನ ಎರಡು ಚಕ್ರದ ಗಾಡಿಗೆ ಕೂರಿಸಿ ಓಡಿಸಿದರು. ಇವತ್ತಿನ ಬೈಕ್‌ಗಳ ಮುತ್ತಜ್ಜ ಅದು. ಶಕ್ತಿ ಬರೀ ಅರ್ಧ ಅಶ್ವಶಕ್ತಿ. ಅಷ್ಟು ಚಿಕ್ಕ ಇಂಜಿನ್ ತಣಿಯಲು ಗಾಳಿಯೇ ಸಾಕಾಗಿತ್ತು. ಇಂಜಿನ್ ದೊಡ್ಡದಾಗುತ್ತಾ ಹೋದಂತೆ ಅದು ಸಾಲದಾಯಿತು.

ಬಿಸಿಯನ್ನು ಎಲ್ಲಿಗೆ ಸಾಗಿಸುವುದು?

ಪೆಟ್ರೋಲ್ ಉರಿದಾಗ ಹುಟ್ಟುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಸಿಗುತ್ತದೆ. ಉಳಿದದ್ದೆಲ್ಲ ಬಿಸಿ. ಅದರಲ್ಲಿ ಒಂದು ಪಾಲು ಹೊಗೆಯ ಜೊತೆ ಸೈಲೆನ್ಸರ್‌ನಿಂದ ಹೊರಹೋಗುತ್ತದೆ. ಇನ್ನೊಂದು ಪಾಲನ್ನು ಇಂಜಿನ್ನಿನ ಗೋಡೆಗಳಿಂದ ನೀರೇ ಹೊತ್ತುಕೊಂಡು ಹೋಗಬೇಕು. ಹೊತ್ತುಕೊಂಡು ಹೋದ ನೀರು ಆ ಬಿಸಿಯನ್ನು ಎಲ್ಲಾದರೂ ಇಳಿಸಬೇಕು.

ಮಂಡ್ಯ ಜಿಲ್ಲೆಯ ಹಿರಿಯರು ಇದನ್ನು ಆಲೆಮನೆಯಲ್ಲಿ, ಹೊಲದ ಬದಿಯಲ್ಲಿ ಕಂಡಿದ್ದಾರೆ. ಕಬ್ಬಿನ ಗಾಣ ತಿರುಗಿಸಲು, ನೀರೆತ್ತಲು ಇಟ್ಟಿರುತ್ತಿದ್ದ ಡೀಸೆಲ್ ಇಂಜಿನ್ ದಿನವಿಡೀ ಒಂದೇ ಕಡೆ ನಿಂತು ಓಡುತ್ತಿತ್ತು. ಅದರ ಪಕ್ಕದಲ್ಲಿ ಒಂದು ನೀರಿನ ಡ್ರಮ್. ಬಿಸಿಯಾದ ನೀರು ಮೇಲಿನ ಪೈಪಿನಿಂದ ಡ್ರಮ್ಮಿಗೆ ಬಂದು, ತಣ್ಣಗಿನ ನೀರು ಕೆಳಗಿನ ಪೈಪಿನಿಂದ ಇಂಜಿನ್ನಿಗೆ ಹೋಗುತ್ತಿತ್ತು. ಎಷ್ಟೋ ಪಂಪ್‌ಸೆಟ್‌ಗಳಲ್ಲಿ ಬಾವಿಯಿಂದ ಎತ್ತಿದ ನೀರಿನದೇ ಒಂದು ಪಾಲು ಇಂಜಿನ್ನಿನೊಳಗೆ ಹಾದು ಹೋಗುತ್ತಿತ್ತು. ನೆಲದ ಮೇಲಿನ ಇಂಜಿನ್ನಿಗೆ ಇದು ಸರಿ. ಕಾರು ಡ್ರಮ್ ಹೊತ್ತು ಓಡಲಾಗದು.

ಆ ಕಾಲದ ಕಾರುಗಳ ತೊಂದರೆ ಇದೇ ಆಗಿತ್ತು. ಕಾರ್ಲ್ ಬೆನ್ಜ್ ಅವರ ಕಾರಿನಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. 1888ರಲ್ಲಿ ಅವರ ಪತ್ನಿ ಬರ್ಥಾ ಬೆನ್ಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಪ್ಫೋರ್ಟ್ಸ್‌ಹೈಮ್‌ವರೆಗೆ ಸುಮಾರು 100 ಕಿಲೋಮೀಟರ್ ಹೋದಾಗ, ದಾರಿಯುದ್ದಕ್ಕೂ ಸಿಕ್ಕಿದಲ್ಲೆಲ್ಲ ನೀರು ತುಂಬಿಸಬೇಕಾಯಿತು. 1889ರಲ್ಲಿ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಹೋದ ತಮ್ಮ ಕಾರಿನಲ್ಲಿ ಮೇಬ್ಯಾಕ್ ಒಂದು ಉಪಾಯ ಮಾಡಿದರು. ಕಾರಿನ ಚೌಕಟ್ಟನ್ನೇ ಟೊಳ್ಳು ಕೊಳವೆಗಳಿಂದ ಕಟ್ಟಿ, ಇಂಜಿನ್ನಿನ ನೀರನ್ನು ಆ ಕೊಳವೆಗಳಲ್ಲಿ ಹರಿಸಿದರು. ಚೌಕಟ್ಟಿಗೆ ತಗಲುವ ಗಾಳಿ ನೀರನ್ನು ತಣಿಸುತ್ತಿತ್ತು. ಒಂದೂವರೆ ಅಶ್ವಶಕ್ತಿಯ ಇಂಜಿನ್ನಿಗೆ ಅದು ಸಾಕಾಯಿತು.

ಆಮೇಲಿನ ದಾರಿ ನೇರವಾಗಿರಲಿಲ್ಲ. 1890ರಲ್ಲಿ ಡೈಮ್ಲರ್ ಕಂಪನಿ ಶುರುವಾದಾಗ ಹಣ ಹಾಕಿದವರಿಗೂ ಈ ಇಬ್ಬರಿಗೂ ಹೊಂದಲಿಲ್ಲ. ಮೇಬ್ಯಾಕ್ ಹೊರಬಂದು ಕಾನ್‌ಸ್ಟಾಟ್‌ನ ಒಂದು ಹೋಟೆಲಿನ ಸಭಾಂಗಣದಲ್ಲಿ ಕೆಲಸ ಮುಂದುವರಿಸಿದರು. ಪೆಟ್ರೋಲನ್ನು ತುಂತುರಾಗಿ ಚಿಮ್ಮಿಸಿ ಗಾಳಿಯೊಡನೆ ಬೆರೆಸುವ ಅವರ ಕಾರ್ಬ್ಯುರೇಟರ್ ಆ ದಿನಗಳದು. 1895ರಲ್ಲಿ ಕಂಪನಿಯೇ ಅವರನ್ನು ಮತ್ತೆ ಕರೆಸಿಕೊಂಡಿತು. 1897ರಲ್ಲಿ, ನೀರಿನ ತೊಟ್ಟಿಯೊಳಗೆ ಅನೇಕ ಸಣ್ಣ ಕೊಳವೆಗಳನ್ನು ಹಾಯಿಸಿ ಅವುಗಳೊಳಗೆ ಗಾಳಿ ಹೋಗುವಂತೆ ಮಾಡಿದ ರೇಡಿಯೇಟರ್ ಬಂತು.

8,070 ಕೊಳವೆಗಳ ಜೇನುಗೂಡು

1900ರ ಮಾರ್ಚ್‌ನಲ್ಲಿ ಡೈಮ್ಲರ್ ತೀರಿಕೊಂಡರು. ಅದೇ ತಿಂಗಳ ಕೊನೆಯಲ್ಲಿ ಫ್ರಾನ್ಸ್‌ನ ನೀಸ್ ಬಳಿಯ ಬೆಟ್ಟದ ರೇಸ್‌ನಲ್ಲಿ ಕಂಪನಿಯ ಕಾರು ಅಪಘಾತಕ್ಕೀಡಾಗಿ ಚಾಲಕ ವಿಲ್ಹೆಲ್ಮ್ ಬವರ್ ಸತ್ತರು. ಆ ಕಾರು ಎತ್ತರ, ಭಾರ. ತಿರುವಿನಲ್ಲಿ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಡೈಮ್ಲರ್ ಕಾರುಗಳನ್ನು ಶ್ರೀಮಂತರಿಗೆ ಮಾರುತ್ತಿದ್ದ ಎಮಿಲ್ ಯೆಲಿನೆಕ್, ತಗ್ಗಾದ, ಹಗುರವಾದ, ಆದರೆ ಇನ್ನೂ ಶಕ್ತಿಶಾಲಿಯಾದ ಕಾರು ಬೇಕೆಂದು ಪಟ್ಟುಹಿಡಿದರು. 36 ಕಾರುಗಳಿಗೆ ಒಟ್ಟಿಗೇ ಆರ್ಡರ್ ಕೊಟ್ಟರು. ಕಾರಿಗೆ ತಮ್ಮ ಮಗಳ ಹೆಸರಿಡಬೇಕೆಂಬುದು ಅವರ ಷರತ್ತು. ಆ ಹುಡುಗಿಯ ಹೆಸರು ಮರ್ಸಿಡಿಸ್.

ಶಕ್ತಿ 35 ಅಶ್ವಶಕ್ತಿಗೆ ಏರಬೇಕು, ತೂಕ ಇಳಿಯಬೇಕು. ಹೆಚ್ಚು ಶಕ್ತಿಗೆ ಹೆಚ್ಚು ನೀರು ಎಂಬ ಹಳೆಯ ಲೆಕ್ಕ ಇಲ್ಲಿ ನಡೆಯುತ್ತಿರಲಿಲ್ಲ. ಮೇಬ್ಯಾಕ್ ನೀರನ್ನು ಹೆಚ್ಚಿಸಲಿಲ್ಲ, ಅದು ಗಾಳಿಗೆ ತಗಲುವ ಜಾಗವನ್ನು ಹೆಚ್ಚಿಸಿದರು. ಬಿಸಿ ಅನ್ನವನ್ನು ಪಾತ್ರೆಯಲ್ಲೇ ಬಿಟ್ಟರೆ ಗಂಟೆಗಟ್ಟಲೆ ಬಿಸಿಯಾಗಿರುತ್ತದೆ, ತಟ್ಟೆಯಲ್ಲಿ ಹರಡಿದರೆ ಬೇಗ ಆರುತ್ತದೆ. ಅದೇ ತತ್ವ. 6 ಮಿಲಿಮೀಟರ್ ಅಗಲ, 6 ಮಿಲಿಮೀಟರ್ ಎತ್ತರದ ಚೌಕ ಬಾಯಿಯ 8,070 ಪುಟ್ಟ ಕೊಳವೆಗಳನ್ನು ಸೇರಿಸಿ ಬೆಸುಗೆ ಹಾಕಿಸಿದರು. ಕೊಳವೆಗಳ ಒಳಗೆ ಗಾಳಿ; ಅವುಗಳ ನಡುವಿನ ತೆಳು ಸಂದಿಗಳಲ್ಲಿ ನೀರು. ಎದುರಿನಿಂದ ನೋಡಿದರೆ ಜೇನುಗೂಡಿನಂತೆ ಕಾಣುತ್ತಿದ್ದುದರಿಂದ ಅದಕ್ಕೆ ಜೇನುಗೂಡು ರೇಡಿಯೇಟರ್ ಎಂದೇ ಹೆಸರಾಯಿತು. ಬೇಕಾದ ನೀರು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದು, 9 ಲೀಟರ್ ಸಾಕಾಯಿತು.

ಆದರೂ ಒಂದು ಕೊರತೆ ಉಳಿಯಿತು. ಕಾರು ವೇಗವಾಗಿ ಓಡುವಾಗ ಗಾಳಿ ತಾನಾಗಿ ಕೊಳವೆಗಳೊಳಗೆ ನುಗ್ಗುತ್ತದೆ. ನಿಧಾನವಾದಾಗ, ನಿಂತಾಗ ಏನು ಗತಿ? ಅದಕ್ಕೆ ರೇಡಿಯೇಟರ್ ಹಿಂದೆ ಒಂದು ಫ್ಯಾನ್ ಇಟ್ಟರು. ಗಾಳಿ ಬಾರದಿದ್ದಾಗ ಫ್ಯಾನ್ ಅದನ್ನು ಎಳೆದು ತರುತ್ತದೆ.

ಮೊದಲ ಕಾರು 1900ರ ಡಿಸೆಂಬರ್‌ನಲ್ಲಿ ಯೆಲಿನೆಕ್ ಕೈಸೇರಿತು. 1901ರ ಮಾರ್ಚ್‌ನಲ್ಲಿ ನೀಸ್‌ನ ರೇಸ್‌ಗಳಲ್ಲಿ ಅದು ಉಳಿದ ಕಾರುಗಳನ್ನೆಲ್ಲ ಹಿಂದಿಕ್ಕಿತು. ಇವತ್ತಿನ ಕಾರಿನ ರೂಪ ಶುರುವಾದದ್ದು ಅಲ್ಲಿಂದ ಎಂದು ವಾಹನ ಇತಿಹಾಸಕಾರರು ಹೇಳುತ್ತಾರೆ.

ನಿಮ್ಮ ಕಾರಿಗೆ ಇದರಿಂದ ಏನು ಗೊತ್ತಾಗುತ್ತದೆ?

ನಿಂತ ಇಂಜಿನ್ ಕಡಿಮೆ ಬಿಸಿ ಹುಟ್ಟಿಸುತ್ತದೆ, ನಿಜ. ಆದರೆ ಆ ಬಿಸಿ ಹೊರಹೋಗುವ ದಾರಿಯೂ ಮುಚ್ಚಿರುತ್ತದೆ. ಹಾಗಾಗಿ ಓಡುವಾಗ ಸರಿಯಿದ್ದು ನಿಂತಾಗ ಮಾತ್ರ ಮುಳ್ಳು ಏರಿದರೆ, ಮೊದಲ ಅನುಮಾನ ಗಾಳಿಯ ಮೇಲೆ, ಅಂದರೆ ಫ್ಯಾನ್ ಮೇಲೆ.

ಪರೀಕ್ಷೆ ಸರಳ. ಇಂಜಿನ್ ಮಾಮೂಲಿ ಬಿಸಿಯಲ್ಲಿರುವಾಗ ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಸ್ವಲ್ಪ ಹೊತ್ತಿನಲ್ಲೇ ರೇಡಿಯೇಟರ್ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ವೈರಿನ ಕನೆಕ್ಟರ್, ಫ್ಯಾನ್ ಮೋಟಾರ್ ಇವುಗಳನ್ನು ಈ ಕ್ರಮದಲ್ಲೇ ನೋಡಿಸಿ. ಎಷ್ಟೋ ಸಲ ಸುಟ್ಟಿರುವುದು ಒಂದು ಸಣ್ಣ ಫ್ಯೂಸ್. ಎಸಿ ಹಾಕಿದಾಗ ತಿರುಗಿ, ಎಸಿ ಇಲ್ಲದೆ ಇಂಜಿನ್ ಬಿಸಿಯಾದಾಗ ತಿರುಗದಿದ್ದರೆ ಟೆಂಪರೇಚರ್ ಸೆನ್ಸರ್ ಮೇಲೆ ಅನುಮಾನ. ಇಂಜಿನ್ನಿನ ಬೆಲ್ಟ್‌ನಿಂದಲೇ ಫ್ಯಾನ್ ತಿರುಗುವ ಹಳೆಯ ಜೀಪುಗಳಲ್ಲಿ ಬೆಲ್ಟ್ ಸಡಿಲವಾಗಿದೆಯೇ ನೋಡಬೇಕು.

ಫ್ಯಾನ್ ಜೋರಾಗಿ ತಿರುಗುತ್ತಿದ್ದರೂ ಬಿಸಿಯಾದರೆ, ಗಾಳಿಗೆ ಬೇರೇನೋ ಅಡ್ಡ ಬಂದಿದೆ. ನಾಗಮಂಗಲ, ಕೆ.ಆರ್. ಪೇಟೆ ಕಡೆ ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ರಸ್ತೆ ಮೇಲೆಯೇ ಒಕ್ಕುವುದುಂಟು. ಆ ಹೊಟ್ಟು, ಕಬ್ಬಿನ ಗಾಡಿಯಿಂದ ಹಾರುವ ತರಗು, ಧೂಳು, ಹುಳುಹುಪ್ಪಟೆ ಎಲ್ಲ ರೇಡಿಯೇಟರ್‌ನ ಸಣ್ಣ ಸಂದಿಗಳಲ್ಲಿ ಕೂರುತ್ತವೆ. ಇಂಜಿನ್ ತಣ್ಣಗಿರುವಾಗ ಹಿಂದಿನಿಂದ ಮುಂದಕ್ಕೆ ಹಗುರವಾಗಿ ನೀರು ಬಿಟ್ಟು ತೊಳೆಸಿ. ಜೋರಾದ ಪ್ರೆಶರ್ ಹಾಕಿದರೆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ಹೊಸ ಫ್ಯಾನ್ ಹಾಕಿಸಿದ ಮೇಲೆಯೇ ತೊಂದರೆ ಶುರುವಾಗಿದ್ದರೆ, ವೈರ್ ಅದಲುಬದಲಾಗಿ ಫ್ಯಾನ್ ಉಲ್ಟಾ ತಿರುಗುತ್ತಿರಬಹುದು.

ಇದಕ್ಕೆ ವಿರುದ್ಧವಾಗಿ, ಹೆದ್ದಾರಿಯಲ್ಲೂ ಬಿಸಿಯಾಗುತ್ತಿದ್ದರೆ ಅದು ಫ್ಯಾನ್ ಸಮಸ್ಯೆಯಲ್ಲ. ಕೂಲೆಂಟ್ ಕಡಿಮೆಯಾಗಿರಬಹುದು, ರೇಡಿಯೇಟರ್ ಒಳಗೇ ಕಟ್ಟಿಕೊಂಡಿರಬಹುದು, ಥರ್ಮೋಸ್ಟಾಟ್ ಮುಚ್ಚಿದಂತೆಯೇ ಸಿಕ್ಕಿಹಾಕಿಕೊಂಡಿರಬಹುದು, ವಾಟರ್ ಪಂಪ್ ಕೆಟ್ಟಿರಬಹುದು. ಕೂಲೆಂಟ್ ಪದೇ ಪದೇ ಕಡಿಮೆಯಾಗುತ್ತಾ ಸೈಲೆನ್ಸರ್‌ನಲ್ಲಿ ದಟ್ಟ ಬಿಳಿ ಹೊಗೆ ಬಂದರೆ ಅಥವಾ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ, ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಇದೆ. ಕಾರನ್ನು ಓಡಿಸದೆ ಮೆಕ್ಯಾನಿಕ್‌ ಅವರನ್ನು ಕರೆಸಿ.

ಸುತ್ತಾಡುವ ಸಲಹೆಗಳು: ಯಾವುದು ನಿಜ, ಯಾವುದು ಸುಳ್ಳು?

ಬಿಸಿಯಾದ ತಕ್ಷಣ ರೇಡಿಯೇಟರ್ ಮುಚ್ಚಳ ತೆಗೆಯಬೇಕು: ಸುಳ್ಳು ಮತ್ತು ಅಪಾಯಕಾರಿ. ಒಳಗಿರುವುದು ಪ್ರೆಶರ್ ಕುಕ್ಕರ್ ಸ್ಥಿತಿ. ಒತ್ತಡ ಇರುವುದರಿಂದಲೇ ಒಳಗಿನ ಕೂಲೆಂಟ್ 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಬಿದ್ದು, ಕುದಿಯುವ ದ್ರವ ಮುಖಕ್ಕೆ, ಎದೆಗೆ ಚಿಮ್ಮುತ್ತದೆ. ಸೀಟಿ ಇಳಿಯದೆ ಕುಕ್ಕರ್ ಮುಚ್ಚಳ ತೆಗೆಯುತ್ತೀರಾ?

ಇಂಜಿನ್ ಮೇಲೆ ತಣ್ಣೀರು ಸುರಿಯಬೇಕು: ಸುಳ್ಳು. ಕಾದ ಲೋಹ ದಿಢೀರನೆ ಕುಗ್ಗಿದರೆ ಬಿರುಕು ಬಿಡಬಹುದು.

ಥರ್ಮೋಸ್ಟಾಟ್ ಕಿತ್ತರೆ ಒಳ್ಳೆಯದು: ಸುಳ್ಳು. ಇಂಜಿನ್ ಸುಮಾರು 90 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕೆಲಸ ಮಾಡಲೆಂದೇ ತಯಾರಾಗಿರುತ್ತದೆ. ಥರ್ಮೋಸ್ಟಾಟ್ ಇಲ್ಲದಿದ್ದರೆ ಬಿಸಿಯಾಗಲು ತುಂಬಾ ಹೊತ್ತು ಬೇಕು, ಇಂಧನ ಖರ್ಚು ಹೆಚ್ಚುತ್ತದೆ, ಸವೆತವೂ ಹೆಚ್ಚುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ.

ಹೀಟರ್ ಹಾಕಿದರೆ ಇಂಜಿನ್ ತಣಿಯುತ್ತದೆ: ಕೇಳಲು ವಿಚಿತ್ರ, ಆದರೆ ನಿಜ. ಕಾರಿನೊಳಗಿನ ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರ್. ಎಸಿ ಆಫ್ ಮಾಡಿ, ಹೀಟರ್ ಮತ್ತು ಅದರ ಫ್ಯಾನ್ ಪೂರ್ತಿ ಇಟ್ಟು, ಕಿಟಕಿ ತೆರೆಯಿರಿ. ಇದು ಕಾರನ್ನು ಬದಿಗೆ ತರುವವರೆಗಿನ ಉಪಾಯ ಮಾತ್ರ.

ಬೋರ್‌ವೆಲ್ ನೀರು ಸಾಕು, ಕೂಲೆಂಟ್ ಯಾಕೆ: ತುರ್ತಿಗೆ ಸರಿ, ದಿನನಿತ್ಯಕ್ಕೆ ತಪ್ಪು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪದರ ರೇಡಿಯೇಟರ್ ಒಳಗೂ ಕೂರುತ್ತದೆ. ಕಂಪನಿಯ ಕೈಪಿಡಿ ಹೇಳಿದ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಬಳಸಿ.

ಮುಳ್ಳು ಕೆಂಪು ಮುಟ್ಟಿದ್ದರೆ ಅಥವಾ ಆವಿ ಕಂಡರೆ ಮಾಡಬೇಕಾದದ್ದು ಇಷ್ಟೇ: ಬದಿಗೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಎಲ್ಲರೂ ಇಳಿಯಿರಿ, ಕನಿಷ್ಠ ಅರ್ಧ ಗಂಟೆ ಕಾಯಿರಿ. ಬಾನೆಟ್ ಒಳಗೆ ಕೈ ಹಾಕಬೇಡಿ. ಇಂಜಿನ್ ಆಫ್ ಆಗಿದ್ದರೂ ಎಲೆಕ್ಟ್ರಿಕ್ ಫ್ಯಾನ್ ಇದ್ದಕ್ಕಿದ್ದಂತೆ ತಿರುಗಬಹುದು. ದೇವಸ್ಥಾನಕ್ಕೆ ತಡವಾಗುತ್ತದೆಂದು ಹಾಗೇ ಓಡಿಸಿದರೆ ಫ್ಯೂಸಿನ ಖರ್ಚಿನಲ್ಲಿ ಮುಗಿಯುತ್ತಿದ್ದದ್ದು ಇಂಜಿನ್ನನ್ನೇ ಬಿಚ್ಚಿಸುವ ಖರ್ಚಿಗೆ ಹೋಗಿ ನಿಲ್ಲುತ್ತದೆ.

ಕಂಪನಿಯೇ ಮೂಲೆಗೆ ತಳ್ಳಿದ ವಿನ್ಯಾಸಕ

ಫ್ರಾನ್ಸ್‌ನವರು ಮೇಬ್ಯಾಕ್‌ ಅವರನ್ನು ವಿನ್ಯಾಸಕರ ರಾಜ ಎಂದು ಹೊಗಳಿದರು. ತಮ್ಮದೇ ಕಂಪನಿಯಲ್ಲಿ ಅವರಿಗೆ ಸಿಕ್ಕಿದ್ದು ಬೇರೆ. ಡೈಮ್ಲರ್ ಇಲ್ಲದ ಮೇಲೆ ಅವರ ಪರ ನಿಲ್ಲುವವರು ಕಡಿಮೆಯಾದರು. ಅಧಿಕಾರ ಒಂದೊಂದಾಗಿ ಬೇರೆಯವರ ಕೈಗೆ ಹೋಯಿತು. 1907ರಲ್ಲಿ, ಅರವತ್ತೊಂದನೇ ವಯಸ್ಸಿನಲ್ಲಿ, ಅವರು ಕಂಪನಿ ಬಿಟ್ಟರು.

ಅಲ್ಲಿಗೇ ಸುಮ್ಮನಾಗಲಿಲ್ಲ. 1909ರಲ್ಲಿ ಕೌಂಟ್ ಜೆಪ್ಪೆಲಿನ್ ಅವರ ಆಕಾಶನೌಕೆಗಳಿಗೆ ಇಂಜಿನ್ ತಯಾರಿಸುವ ಕಂಪನಿ ಶುರುವಾಯಿತು. ಅದರ ಹೊಣೆ ಹೊತ್ತವರು ಮೇಬ್ಯಾಕ್ ಅವರ ಮಗ ಕಾರ್ಲ್, ಅಪ್ಪ ಜೊತೆಗಿದ್ದರು. ಮೇಬ್ಯಾಕ್ ಹೆಸರಿನ ಐಷಾರಾಮಿ ಕಾರನ್ನು 1921ರಲ್ಲಿ ಜಗತ್ತಿಗೆ ತೋರಿಸಿದವರೂ ಕಾರ್ಲ್. ಹಾಗಾಗಿ ಆ ದುಬಾರಿ ಕಾರುಗಳನ್ನು ವಿಲ್ಹೆಲ್ಮ್ ಅವರೇ ತಯಾರಿಸಿದರು ಎಂಬ ಮಾತು ತಪ್ಪು.

1916ರಲ್ಲಿ ಸ್ಟುಟ್‌ಗಾರ್ಟ್‌ನ ತಾಂತ್ರಿಕ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಬ್ರೂಡರ್‌ಹೌಸ್‌ನಲ್ಲಿ ನಕ್ಷೆ ಬಿಡಿಸಲು ಕಲಿತ ಹುಡುಗನಿಗೆ ಆಗ ಎಪ್ಪತ್ತು ವರ್ಷ. 1929ರ ಡಿಸೆಂಬರ್ 29ರಂದು ಮೇಬ್ಯಾಕ್ ತೀರಿಕೊಂಡರು. ಹಳೆಯ ಗೆಳೆಯ ಡೈಮ್ಲರ್ ಮಲಗಿರುವ ಕಾನ್‌ಸ್ಟಾಟ್‌ನ ಸ್ಮಶಾನದಲ್ಲೇ ಅವರ ಸಮಾಧಿಯೂ ಇದೆ.

ಈ ಲೇಖನದಿಂದ ಒಂದೇ ಮಾತನ್ನು ಮುಂದಕ್ಕೆ ಕಳಿಸುವುದಾದರೆ ಇದನ್ನು ಕಳಿಸಿ: ಓಡುವಾಗ ಸರಿ, ನಿಂತಾಗ ಬಿಸಿ ಅಂದರೆ ಮೊದಲು ಫ್ಯಾನ್ ನೋಡಿಸಿ, ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.